ಗುಡಿಬಂಡೆಯ ಗಡಸು ನೀರಿನಲ್ಲಿ ಟೈಟಾನಿಯಂ ಸುರುಳಿ: ಒಂದು ದುರಸ್ತಿಯ ದಾಖಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಕಡೆಯ ಒಂದು ಸಣ್ಣ ಘಟಕದಿಂದ ಟೈಟಾನಿಯಂ ಕೊಳವೆಯ ಸುರುಳಿಯೊಂದು ಚಿಂತಾಮಣಿಯಲ್ಲಿರುವ ನನ್ನ ಕಾರ್ಯಾಗಾರಕ್ಕೆ ದುರಸ್ತಿಗೆ ಬಂದಿತು. ಟ್ರ್ಯಾಕ್ಟರ್ ಮತ್ತು ಇನ್ವರ್ಟರ್ ಬ್ಯಾಟರಿಗಳಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಆ ಘಟಕ ತಯಾರಿಸುತ್ತದೆ. ಹಿಪ್ಪುನೇರಳೆ ಕಡ್ಡಿ ಉರಿಸುವ ಚಿಕ್ಕ ಬಾಯ್ಲರಿನ ಹಬೆ ಸುರುಳಿಯ ಒಳಗೆ ಹರಿಯುತ್ತದೆ. ಸುರುಳಿಯ ಸುತ್ತ ನಿಂತ ಕೊಳವೆಬಾವಿಯ ನೀರು ಕುದಿದು ಆವಿಯಾಗಿ, ಪಕ್ಕದ ಕಂಡೆನ್ಸರಿನಲ್ಲಿ ತಣಿದು ಕ್ಯಾನು ಸೇರುತ್ತದೆ. ಮೊದಲಿದ್ದ ಸ್ಟೇನ್‌ಲೆಸ್ ಸ್ಟೀಲಿನ ಸುರುಳಿ ಕ್ಲೋರೈಡಿನ ಹೊಡೆತಕ್ಕೆ ಬಿರುಕು ಬಿಟ್ಟು ಸೋರತೊಡಗಿದಾಗ, ಟೈಟಾನಿಯಂಗೆ ಏನೂ ಆಗುವುದಿಲ್ಲ ಎಂಬ ಭರವಸೆಯ ಮೇಲೆ ದುಬಾರಿ ಬೆಲೆ ಕೊಟ್ಟು ಇದನ್ನು ಹಾಕಿಸಿದ್ದರು. ಈಗ ಇದರಲ್ಲೂ ತೂತು ಬಿದ್ದಿತ್ತು. ಹೊಸ ಸುರುಳಿ ಮಾಡಿಕೊಡುವ ಮುನ್ನ ಹಳೆಯದು ಯಾಕೆ ಹೋಯಿತು ಎಂಬುದನ್ನು ತಿಳಿಯದಿದ್ದರೆ ಅವರ ಹಣ ಮತ್ತೊಮ್ಮೆ ನೀರುಪಾಲಾಗುತ್ತದೆ ಎಂದು ಹೇಳಿ, ಸ್ವಲ್ಪ ಕಾಲಾವಕಾಶ ಕೇಳಿ ಪಡೆದೆ.

ಹಳೆಯ ಸುರುಳಿಯಲ್ಲಿ ಕಂಡದ್ದು

ಕೊಳವೆ ಶುದ್ಧ ಟೈಟಾನಿಯಂನ ಗ್ರೇಡ್ 2. ಅದನ್ನು ಹಿಡಿದ ಪಟ್ಟಿ, ಬೋಲ್ಟುಗಳು ಗ್ರೇಡ್ 5, ಅಂದರೆ ಶೇಕಡಾ 6ರಷ್ಟು ಅಲ್ಯುಮಿನಿಯಂ ಮತ್ತು 4ರಷ್ಟು ವೆನೇಡಿಯಂ ಬೆರೆತ ಮಿಶ್ರಲೋಹ. ಪಟ್ಟಿ ಮತ್ತು ಕೊಳವೆಗಳ ನಡುವೆ ಟೆಫ್ಲಾನ್ ಟೇಪನ್ನು ಬಿಗಿಯಾಗಿ ಸುತ್ತಿದ್ದರು. ಟೇಪು ಬಿಚ್ಚಿದ ಜಾಗದಲ್ಲಿ ಬಿಳಿಬೂದು ಪುಡಿ ತುಂಬಿದ ಗುಳಿಗಳಿದ್ದವು. ತೂತು ಬಿದ್ದದ್ದೂ ಅಲ್ಲಿಯೇ. ಸುರುಳಿಯ ಕೆಳಗಿನ ಸುತ್ತುಗಳ ಕಥೆಯೇ ಬೇರೆ. ಅಲ್ಲಿ ಗುಳಿಗಳಿಲ್ಲ, ಆದರೆ ಹೊಳಪು ಪೂರ್ತಿ ಹೋಗಿ ಮೇಲ್ಮೈ ಒಂದೇ ಸಮನೆ ಮಂಕಾಗಿತ್ತು, ಮೈಕ್ರೋಮೀಟರ್ ಹಿಡಿದು ನೋಡಿದರೆ ಗೋಡೆ ಸ್ಪಷ್ಟವಾಗಿ ತೆಳುವಾಗಿತ್ತು. ಮೇಲಿನ ಸುತ್ತುಗಳು ಹೊಸದರಂತೆಯೇ ಇದ್ದವು. ಒಂದೇ ಸುರುಳಿಗೆ ಎರಡು ಬೇರೆ ಬೇರೆ ರೋಗಗಳು ತಗಲಿದ್ದವು ಎಂಬುದು ಅಲ್ಲಿಗೆ ಖಚಿತವಾಯಿತು.

ಟೈಟಾನಿಯಂ ಸ್ವಭಾವತಃ ಬಹಳ ಚುರುಕಾದ ಲೋಹ. ಗಾಳಿ ಅಥವಾ ನೀರು ತಾಗಿದ ಕ್ಷಣದಲ್ಲೇ ಅದರ ಮೈಮೇಲೆ ಟೈಟಾನಿಯಂ ಡೈಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ, ಗೀರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಅದರ ಸಹಿಷ್ಣುತೆಯೆಲ್ಲ ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರದ್ದು. ಆಮ್ಲಜನಕ ಒಳನುಗ್ಗಲಾಗದ ಇಕ್ಕಟ್ಟಿನಲ್ಲಿ, ಬಿಸಿಯಾದ ಕ್ಲೋರೈಡ್ ನೀರು ಸಿಕ್ಕಿಕೊಂಡು ಕ್ರಮೇಣ ಆಮ್ಲವಾಗುತ್ತ ಹೋದಾಗ ಪದರ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲಾರದು. ಗ್ರೇಡ್ 2 ಕೊಳವೆಗೆ ಈ ಅಪಾಯ ಸುಮಾರು 80 ಡಿಗ್ರಿಯಿಂದ ಶುರುವಾಗುತ್ತದೆ. ಇಲ್ಲಿ ಒಳಗಿನ ಹಬೆಯೇ 130 ಡಿಗ್ರಿಯ ಆಸುಪಾಸಿನಲ್ಲಿತ್ತು. ಬಿಗಿಯಾದ ಟೆಫ್ಲಾನ್ ಅಂತಹ ಇಕ್ಕಟ್ಟುಗಳನ್ನು ಸೃಷ್ಟಿಸುವುದರಲ್ಲಿ ಕುಖ್ಯಾತ. ಪಟ್ಟಿಯಡಿಯ ಗುಳಿಗಳಿಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಕೆಳಸುತ್ತುಗಳ ಸವೆತಕ್ಕೆ ಕಾರಣ ಹುಡುಕಲು ಘಟಕಕ್ಕೇ ಹೋಗಬೇಕಾಯಿತು. ತೊಟ್ಟಿಯ ತಳದಲ್ಲಿ ಸುಣ್ಣದ ಹಕ್ಕಳೆ ದಪ್ಪವಾಗಿ ಕಟ್ಟುತ್ತದೆ. ಅದನ್ನು ಕರಗಿಸಲು ಅಲ್ಲಿನ ಹುಡುಗರು ಬಾತ್‌ರೂಮ್ ತೊಳೆಯುವ ಹಳದಿ ಆಸಿಡ್ (ಹೈಡ್ರೋಕ್ಲೋರಿಕ್ ಆಮ್ಲ) ಸುರಿದು, ಬೇಗ ಕರಗಲೆಂದು ಹಬೆಯನ್ನೂ ಸ್ವಲ್ಪ ಬಿಡುತ್ತಿದ್ದರು. “ಆಸಿಡ್ ಹಾಕದಿದ್ರೆ ನೀರು ಕುದಿಯೋದೇ ಇಲ್ಲ ಸಾರ್” ಎಂದ ಅಲ್ಲಿನ ಆಪರೇಟರ್ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಈ ಸೀಮೆಯ ನೀರಿನಲ್ಲಿ ಸುಣ್ಣದ ಜೊತೆ ಫ್ಲೋರೈಡ್ ಇದೆ. ಗುಡಿಬಂಡೆ, ಬಾಗೇಪಲ್ಲಿ ಕಡೆಯ ಆಳದ ಕೊಳವೆಬಾವಿಗಳ ಈ ತೊಂದರೆ ಹೊಸದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಘಟಕದ ನೀರಿನ ವರದಿಯಲ್ಲಿ ಅದು ಈ ಎರಡೂ ಮಿತಿಗಳನ್ನು ದಾಟಿತ್ತು. ಅಷ್ಟು ಫ್ಲೋರೈಡ್ ತಟಸ್ಥ ನೀರಿನಲ್ಲಿದ್ದರೆ ಟೈಟಾನಿಯಂಗೆ ಏನೂ ಆಗುವುದಿಲ್ಲ. ನೀರು ಕುದಿದು ಕುದಿದು ಇಂಗಿದಾಗ ಫ್ಲೋರೈಡ್ ಹಕ್ಕಳೆಯೊಳಗೆ ಸೇರಿ ಕೂರುತ್ತದೆ, ಮುಂದೆ ಆಸಿಡ್ ಬಿದ್ದಾಗ ಒಂದೇ ಬಾರಿಗೆ ಹೊರಬಂದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಟೈಟಾನಿಯಂನ ಪದರವನ್ನು ಕರಗಿಸುವುದರಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಇದು ಊಹೆಯಾಗಿಯೇ ಉಳಿಯಬಾರದೆಂದು ತೊಟ್ಟಿಯ ಹಕ್ಕಳೆಯನ್ನು ಒಂದು ಡಬ್ಬದ ತುಂಬ ಕೆರೆದು ತಂದೆ.

ಪರೀಕ್ಷೆಯ ತುಂಡುಗಳು

ಹಳೆಯ ಸುರುಳಿಯ ಕೆಡದ ಭಾಗದಿಂದ ಗ್ರೇಡ್ 2ರ ತುಂಡುಗಳನ್ನು, ಪಟ್ಟಿಯಿಂದ ಗ್ರೇಡ್ 5ರ ತುಂಡುಗಳನ್ನು ಕತ್ತರಿಸಿಕೊಂಡೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸಿದ್ಧತೆಯ ಹಂತ ಎಂಬುದು ನನ್ನ ದೃಢ ಅಭಿಪ್ರಾಯ. ಕಬ್ಬಿಣದ ಕೆಲಸಕ್ಕೆ ಬಳಸಿದ ಅರ, ವೈರ್ ಬ್ರಷ್, ವೈಸ್ ದವಡೆ ಯಾವುದೂ ಟೈಟಾನಿಯಂಗೆ ತಾಗಬಾರದು. ಮೈಯಲ್ಲಿ ಹುದುಗಿದ ಕಬ್ಬಿಣದ ಕಣ ಪದರದ ಒಂದು ದುರ್ಬಲ ಬಿಂದುವಾಗಿ ಉಳಿದು, ಮುಂದೆ ಗುಳಿ ಅಲ್ಲಿಂದಲೇ ಆರಂಭವಾಗಬಹುದು. ಹೊಸ ಸಿಲಿಕಾನ್ ಕಾರ್ಬೈಡ್ ಕಾಗದದಿಂದ ನೀರು ಹಾಕುತ್ತ ಉಜ್ಜಿ, ಸಾಬೂನಿನಿಂದ ತೊಳೆದು, ನಂತರ ತಣ್ಣಗಿನ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿಟ್ಟೆ. ನೈಟ್ರಿಕ್ ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ, ಟೈಟಾನಿಯಂ ಅನ್ನು ಮುಟ್ಟುವುದಿಲ್ಲ. ದೊಡ್ಡ ಕಾರ್ಖಾನೆಗಳು ಇದಕ್ಕೆ ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲಗಳ ಮಿಶ್ರಣವನ್ನು ಬಳಸುತ್ತವೆ. ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ, ನೋವು ತಡವಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಸಣ್ಣ ಕಾರ್ಯಾಗಾರದೊಳಕ್ಕೆ ಯಾರೂ ತರಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತೊಳೆದ ತುಂಡುಗಳನ್ನು ಒಣಗಿಸಲು ಮೆಥನಾಲ್ ಬಳಸಬಾರದು. ನೀರಿಲ್ಲದ ಮೆಥನಾಲಿನಲ್ಲಿ ಒತ್ತಡಕ್ಕೊಳಗಾದ ಟೈಟಾನಿಯಂ ಬಿರುಕು ಬಿಡುತ್ತದೆ; 1966ರಲ್ಲಿ ಅಪೋಲೋ ನೌಕೆಯ ಗ್ರೇಡ್ 5 ಮಾದರಿಯ ಇಂಧನ ತೊಟ್ಟಿಯೊಂದು ಮೆಥನಾಲ್ ತುಂಬಿ ನಡೆಸಿದ ಒತ್ತಡ ಪರೀಕ್ಷೆಯಲ್ಲಿ ಒಡೆದದ್ದು ಇದೇ ಕಾರಣಕ್ಕೆ. ನಾನು ಅಸಿಟೋನ್ ಬಳಸಿದೆ. ಆ ಮೇಲೆ ತುಂಡುಗಳನ್ನು ಬರಿಗೈಯಿಂದ ಮುಟ್ಟಲಿಲ್ಲ.

ತುಂಡುಗಳಲ್ಲಿ ಒಂದು ಪಾಲನ್ನು ಏನೂ ಮಾಡದೆ ಹಾಗೆಯೇ ಬಿಟ್ಟೆ. ಇನ್ನೊಂದು ಪಾಲಿಗೆ ಆನೊಡೈಸಿಂಗ್ ಮಾಡಿದೆ, ಅಂದರೆ ವಿದ್ಯುತ್ ಹರಿಸಿ ಮೈಮೇಲಿನ ಆಕ್ಸೈಡ್ ಪದರವನ್ನು ದಪ್ಪವಾಗಿಸಿದೆ. ಬಾಯ್ಲರ್ ನೀರಿಗೆ ಹಾಕುವ ಟ್ರೈಸೋಡಿಯಂ ಫಾಸ್ಫೇಟನ್ನು ಲೀಟರಿಗೆ ಸುಮಾರು 50 ಗ್ರಾಂ ಕರಗಿಸಿ, ಸ್ಟೇನ್‌ಲೆಸ್ ತಗಡನ್ನು ಋಣ ಧ್ರುವವಾಗಿಸಿ, ತುಂಡನ್ನು ಟೈಟಾನಿಯಂ ತಂತಿಯಿಂದ ತೂಗುಹಾಕಿ ಧನ ಧ್ರುವಕ್ಕೆ ಸೇರಿಸಬೇಕು. ತಾಮ್ರದ ಕ್ಲಿಪ್ಪು ದ್ರಾವಣಕ್ಕೆ ತಾಗಿದರೆ ಕರೆಂಟೆಲ್ಲ ಅದರ ಮೂಲಕವೇ ಹರಿದು ತುಂಡಿನ ಮೇಲೆ ಪದರ ಬೆಳೆಯುವುದಿಲ್ಲ. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋದಂತೆ ಮೊದಲು ಕಂಚಿನ ಬಣ್ಣ, 20ರ ಸುಮಾರಿಗೆ ನೇರಳೆ, 30ರಲ್ಲಿ ನೀಲಿ, 55-60ರಲ್ಲಿ ಹೊಂಬಣ್ಣ, 75ರ ಹತ್ತಿರ ಗುಲಾಬಿ, 90 ದಾಟಿದರೆ ಹಸಿರು ಕಾಣುತ್ತದೆ. ಇಲ್ಲಿ ಬಣ್ಣವೆಂಬುದು ಸೇರಿಸಿದ್ದಲ್ಲ. ಪದರದ ಮೇಲ್ಭಾಗದಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕು ಒಂದರೊಡನೊಂದು ಬೆರೆತು ಹುಟ್ಟುವಂಥದ್ದು. ಒಂದು ವೋಲ್ಟಿಗೆ ಸುಮಾರು 2 ನ್ಯಾನೋಮೀಟರಿನಂತೆ ಪದರ ಬೆಳೆಯುವುದರಿಂದ ಬಣ್ಣವೇ ದಪ್ಪದ ಅಳತೆಗೋಲು. 30 ಮತ್ತು 90 ವೋಲ್ಟುಗಳಲ್ಲಿ ನಿಲ್ಲಿಸಿದ ಎರಡು ಬಗೆಯ ತುಂಡುಗಳನ್ನು ಮಾಡಿಕೊಂಡೆ. 90 ವೋಲ್ಟಿನ ನೇರ ವಿದ್ಯುತ್ತು ಒದ್ದೆ ಕೈಗೆ ಪ್ರಾಣಾಪಾಯ ತರಬಲ್ಲದು, ಆದ್ದರಿಂದ ರಬ್ಬರ್ ಕೈಗವಸು ಕಡ್ಡಾಯ.

ಮೂರನೆಯ ಪಾಲನ್ನು ಕುಲುಮೆಗೆ ಹಾಕಿದೆ. ಉಪಕರಣಗಳನ್ನು ಹದ ಮಾಡಲು ನನ್ನಲ್ಲಿರುವ ವಿದ್ಯುತ್ ಕುಲುಮೆಯಲ್ಲಿ, ಬರಿಯ ಗಾಳಿಯಲ್ಲಿ, 650 ಡಿಗ್ರಿಗೆ ಏರಿಸಿ ರಾತ್ರಿಯಿಡೀ ಇಟ್ಟು, ಕುಲುಮೆಯೊಳಗೇ ತಣಿಯಲು ಬಿಟ್ಟೆ. ಬಣ್ಣಗಳ ಹಂತವನ್ನೆಲ್ಲ ದಾಟಿ ಮಂಕು ಬೂದುಬಣ್ಣದ ರೂಟೈಲ್ (ಟೈಟಾನಿಯಂ ಡೈಆಕ್ಸೈಡಿನ ಒಂದು ಹರಳು ರೂಪ) ಪದರ ಕಟ್ಟಿತು. ಇದು ನ್ಯಾನೋಮೀಟರ್ ಬಿಟ್ಟು ಮೈಕ್ರಾನುಗಳಲ್ಲಿ ಅಳೆಯುವ ದಪ್ಪ. ಜೊತೆಗೆ ಅದರ ಕೆಳಗಿನ ಲೋಹದೊಳಕ್ಕೂ ಆಮ್ಲಜನಕ ಇಳಿದು ಮೈ ಗಡುಸಾಗುತ್ತದೆ. ಶಾಖ ಹೆಚ್ಚಿದಷ್ಟೂ ಒಳ್ಳೆಯದೆಂದುಕೊಳ್ಳಬಾರದು. 800 ಡಿಗ್ರಿಯ ಮೇಲೆ ಪದರ ಚಕ್ಕೆಯಾಗಿ ಏಳುತ್ತದೆ, ಕೆಳಗಿನ ಗಡುಸು ಭಾಗವೂ ಪೆಡಸಾಗಿ ಸೀಳುತ್ತದೆ. ಗ್ಯಾಸ್ ಅಥವಾ ಸೌದೆಯ ಉರಿ ನೇರವಾಗಿ ತಾಗುವ ಕುಲುಮೆಯೂ ಬೇಡ, ಏಕೆಂದರೆ ಬಿಸಿ ಟೈಟಾನಿಯಂ ಹೈಡ್ರೋಜನ್ ಹೀರಿ ಪೆಡಸಾಗುತ್ತದೆ. ಒತ್ತಡ ಉಳಿದಿರುವ ಗ್ರೇಡ್ 5 ತುಂಡಿನ ಮೇಲೆ ಬೆವರಿನ ಉಪ್ಪು ಇದ್ದು ಅದನ್ನು ಹೀಗೆ ಕಾಯಿಸಿದರೆ ಬಿರುಕು ಬೀಳುವ ಸಾಧ್ಯತೆ ಇದೆ. ಬರಿಗೈಯಿಂದ ಮುಟ್ಟಬಾರದೆಂದದ್ದು ಇದಕ್ಕಾಗಿಯೇ.

ನೂರಾರು ವೋಲ್ಟ್ ಹರಿಸಿ ಕಿಡಿಗಳ ಮೂಲಕ ಪದರ ಬೆಳೆಸುವ ವಿಧಾನವೊಂದಿದೆ, ಟೈಟಾನಿಯಂ ನೈಟ್ರೈಡಿನ ಚಿನ್ನದ ಬಣ್ಣದ ಲೇಪನವೂ ಇದೆ. ಮೊದಲನೆಯದರ ಹೊರಪದರ ರಂಧ್ರಮಯ, ಎರಡನೆಯದರಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಎರಡನ್ನೂ ಕೈಬಿಟ್ಟೆ.

ಆಸಿಡ್ಡಿನಲ್ಲಿ ನಡೆದದ್ದು

ಪರೀಕ್ಷೆಯನ್ನು ಹೊರಗೆ ಬಯಲಿನಲ್ಲಿ, ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಗಳಲ್ಲಿ, 60 ಡಿಗ್ರಿಯ ಬಿಸಿನೀರಿನ ತೊಟ್ಟಿಯೊಳಗಿಟ್ಟು ನಡೆಸಿದೆ. ಮೊದಲು ಪ್ರಯೋಗಾಲಯಗಳಿಗೆ ಸಿಗುವ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲವನ್ನು ಶೇಕಡಾ 10ಕ್ಕೆ ಇಳಿಸಿ, ಏನೂ ಸಂಸ್ಕರಣೆ ಮಾಡದ ತುಂಡುಗಳನ್ನು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿ, ದ್ರಾವಣ ತೆಳು ನೇರಳೆಗೆ ತಿರುಗಿತು. ಆ ನೇರಳೆ ಕರಗಿದ ಟೈಟಾನಿಯಂನದು. ಗ್ರೇಡ್ 5ರ ತುಂಡು ಗ್ರೇಡ್ 2ಕ್ಕಿಂತ ಬೇಗ ಮಂಕಾಯಿತು.

ಘಟಕದ ಹುಡುಗರು ಸುರಿಯುತ್ತಿದ್ದ ಅಂಗಡಿಯ ಹಳದಿ ಆಸಿಡ್ಡನ್ನು ಅಷ್ಟೇ ಹುಳಿಗೆ ತಂದು ಅದೇ ಬಗೆಯ ತುಂಡುಗಳನ್ನು ಹಾಕಿದಾಗ ಏನೂ ಆಗಲಿಲ್ಲ. ಗುಳ್ಳೆಯೂ ಇಲ್ಲ, ಬಣ್ಣವೂ ಇಲ್ಲ. ಕಾರಣ ಆ ಹಳದಿಯಲ್ಲಿಯೇ ಇದೆ: ಅದು ಫೆರಿಕ್ ಕಬ್ಬಿಣದ ಬಣ್ಣ, ಮತ್ತು ಆಮ್ಲದಲ್ಲಿ ಕರಗಿದ ಫೆರಿಕ್ ಕಬ್ಬಿಣ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಟೈಟಾನಿಯಂ ಮೇಲಿನ ಪದರ ಕರಗದಂತೆ ಕಾಯುತ್ತದೆ. ಲೋಹದ ಮೈಯಲ್ಲಿ ಹುದುಗಿ ಕುಳಿತರೆ ಹಾನಿ ಮಾಡುವ ಕಬ್ಬಿಣ ದ್ರಾವಣದಲ್ಲಿ ಕರಗಿದಾಗ ರಕ್ಷಣೆಗೆ ನಿಲ್ಲುತ್ತದೆ. ಘಟಕದ ಸುರುಳಿ ಅಷ್ಟು ಕಾಲ ಆಸಿಡ್ ಕುಡಿದೂ ಬಾಳಿದ್ದು ಈ ಹಳದಿಯ ಋಣದಿಂದಲೇ ಇರಬೇಕು.

ಆಮೇಲೆ ಅದೇ ಹಳದಿ ಆಸಿಡ್ಡಿಗೆ ಗುಡಿಬಂಡೆಯ ಹಕ್ಕಳೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ, ನೊರೆ ನಿಂತ ಮೇಲೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಾಗದದಲ್ಲಿ 1ರ ಹತ್ತಿರ ಉಳಿಯುವಂತೆ ಆಸಿಡ್ ಸೇರಿಸಿ, ಹೊಸ ತುಂಡುಗಳನ್ನು ಮುಳುಗಿಸಿದೆ. ಸಂಸ್ಕರಿಸದ ತುಂಡುಗಳು ಬೇಗನೆ ಗುಳ್ಳೆ ಬಿಟ್ಟು ಮಂಕಾದವು, ಹಳೆಯ ಸುರುಳಿಯ ಕೆಳಸುತ್ತುಗಳಲ್ಲಿ ಕಂಡ ಅದೇ ಮಂಕು. ಇದು ಫ್ಲೋರೈಡಿನದೇ ಕೆಲಸ ಎಂದು ತಿಳಿಯಲು ಇನ್ನೊಂದು ಡಬ್ಬದಲ್ಲಿ ಅದೇ ದ್ರಾವಣಕ್ಕೆ ಪಟಿಕವನ್ನು ಪುಡಿಮಾಡಿ ಕರಗಿಸಿದೆ. ಪಟಿಕದ ಅಲ್ಯುಮಿನಿಯಂ ಫ್ಲೋರೈಡನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ, ಪಟಿಕ ಮತ್ತು ಸುಣ್ಣದಿಂದ ಕುಡಿಯುವ ನೀರಿನ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವೂ ಅಲ್ಯುಮಿನಿಯಂನ ಇದೇ ಒಲವನ್ನು ನೆಚ್ಚಿದ್ದು. ಪಟಿಕ ಹಾಕಿದ ಡಬ್ಬದಲ್ಲಿ ತುಂಡು ಹೊಳಪು ಕಳೆದುಕೊಳ್ಳಲಿಲ್ಲ. ಆಸಿಡ್ ಅದೇ, ಹಕ್ಕಳೆ ಅದೇ, ಶಾಖವೂ ಅದೇ. ಫ್ಲೋರೈಡಿನ ಕೈ ಕಟ್ಟಿದ್ದೊಂದೇ ವ್ಯತ್ಯಾಸ.

ಹಕ್ಕಳೆಯ ದ್ರಾವಣದಲ್ಲಿ ಸಂಸ್ಕರಿಸಿದ ತುಂಡುಗಳ ಫಲಿತಾಂಶ ಹೀಗಿತ್ತು. 30 ವೋಲ್ಟಿನ ನೀಲಿ ತುಂಡು ಹೊರಟ ದಾರಿಯಲ್ಲೇ ಹಿಂದಿರುಗಿತು: ನೀಲಿ ನೇರಳೆಯಾಯಿತು, ನೇರಳೆ ಕಂಚಾಯಿತು, ಕಂಚು ಅಳಿದು ಬರಿಯ ಲೋಹ ಕಂಡಿತು, ಆ ಮೇಲೆ ಗುಳ್ಳೆಗಳು ಶುರುವಾದವು. ಪದರ ತೆಳುವಾಗುತ್ತಿರುವುದನ್ನು ಬರಿಗಣ್ಣಿನಿಂದ ಹಂತಹಂತವಾಗಿ ನೋಡಲು ಸಾಧ್ಯವಾದದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. 90 ವೋಲ್ಟಿನ ಹಸಿರು ತುಂಡು ಇನ್ನೂ ಹೆಚ್ಚು ಹೊತ್ತು ತಡೆಯಿತು, ಆದರೆ ಅಂಚುಗಳಲ್ಲಿ ಮತ್ತು ಉಜ್ಜುವಾಗ ಉಳಿದ ಆಳದ ಗೀರುಗಳಲ್ಲಿ ಮೊದಲು ಸೋತಿತು. ಕುಲುಮೆಯ ಬೂದು ತುಂಡು ಆ ಹೊತ್ತಿಗೆ ಏನೂ ಬದಲಾಗದೆ ಇತ್ತು. ದ್ರಾವಣವನ್ನು ಹೊಸದಾಗಿಸಿ ಮುಂದುವರಿಸಿದ ಮೇಲೆ ಕತ್ತರಿಸಿದ ಅಂಚಿನಲ್ಲಿ ಮಾತ್ರ ಬಿಳಿಚುಕ್ಕೆ ಕಾಣಿಸಿತು. ಫ್ಲೋರೈಡ್ ಬೆರೆತ ಬಿಸಿ ಆಸಿಡ್ಡಿನ ಎದುರು ಶಾಶ್ವತವಾಗಿ ನಿಲ್ಲುವ ಪದರವನ್ನು ನಾನು ಈ ಮೂರರಲ್ಲಿ ಕಾಣಲಿಲ್ಲ. ಬಹಳ ಕಾಲ ತಡೆಯುವುದು ಕುಲುಮೆಯ ಪದರ. ಆದ್ದರಿಂದ ಹೊಸ ಸುರುಳಿಗೆ ಆ ಪದರವನ್ನೂ ಕೊಡಬೇಕು, ಹಾಗೆಯೇ ಅದು ಎದುರಿಸಬೇಕಾದ ಆಸಿಡ್ಡನ್ನೂ ಬದಲಿಸಬೇಕು ಎಂದು ತೀರ್ಮಾನಿಸಿದೆ.

ಹೊಸ ಸುರುಳಿ

ಇಂತಹ ಬಿಸಿ ಇಕ್ಕಟ್ಟಿಗೆ ನಿಜವಾಗಿ ತಕ್ಕದ್ದು ಗ್ರೇಡ್ 7. ಅದರಲ್ಲಿ ಶೇಕಡಾ 0.12ರಿಂದ 0.25ರಷ್ಟು ಪಲ್ಲೇಡಿಯಂ ಇರುತ್ತದೆ. ಆ ಪಲ್ಲೇಡಿಯಂನ ಬೆಲೆ ಈ ಘಟಕದ ಕೈಗೆ ಎಟುಕದು. ಹಾಗಾಗಿ ಮತ್ತೆ ಗ್ರೇಡ್ 2 ಕೊಳವೆಯನ್ನೇ ತರಿಸಿದೆವು.

ಕುಲುಮೆಯಿಂದ ಹೊರಬಂದ ಮೇಲೆ ಬಗ್ಗಿಸಿದರೆ ಗಡುಸಾದ ಮೈ ಬಿರಿಯುವುದರಿಂದ ಬಗ್ಗಿಸುವುದು, ಬೆಸುಗೆ, ಒತ್ತಡ ಪರೀಕ್ಷೆ ಎಲ್ಲವನ್ನೂ ಮೊದಲೇ ಮುಗಿಸಬೇಕು. ಸುರುಳಿಯ ವ್ಯಾಸವನ್ನು ಕುಲುಮೆಯ ಬಾಯಿಗೆ ಹೊಂದುವಂತೆ ಕಿರಿದಾಗಿಸಿ ಸುತ್ತುಗಳನ್ನು ಹೆಚ್ಚಿಸಿದೆ. ಸುತ್ತುವಾಗ ಟೈಟಾನಿಯಂ ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುವುದರಿಂದ ಅಚ್ಚಿನ ದಿಮ್ಮಿ ಬೇಕಾದ ಅಳತೆಗಿಂತ ಚಿಕ್ಕದಿರಬೇಕು. ತುದಿಗಳಿಗೆ ಟಿಗ್ ಬೆಸುಗೆಯನ್ನು (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ವಿದ್ಯುತ್ ಕಿಡಿಯಿಂದ ಮಾಡುವ ಬೆಸುಗೆ) ಬೆಂಗಳೂರಿನಲ್ಲಿ, ಕೊಳವೆಯ ಒಳಗೂ ಆರ್ಗಾನ್ ಹರಿಸಿ ಮಾಡಿಸಿದೆ. ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅಥವಾ ತೆಳು ಹುಲ್ಲಿನ ಬಣ್ಣವಿದ್ದರೆ ಒಪ್ಪಬಹುದು. ನೀಲಿ ಕಂಡರೆ ಅನಿಲದ ರಕ್ಷಣೆ ಸಾಲಲಿಲ್ಲವೆಂದು ಅರ್ಥ, ಬಿಳಿ ಪುಡಿ ಕಂಡರೆ ಕತ್ತರಿಸಿ ಎಸೆಯಬೇಕು.

ಕಾರ್ಯಾಗಾರಕ್ಕೆ ಮರಳಿದ ಮೇಲೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿ, ತುಂಡುಗಳಿಗೆ ಮಾಡಿದ ಉಜ್ಜುವಿಕೆ, ನೈಟ್ರಿಕ್ ತೊಳೆತ ಎಲ್ಲವನ್ನೂ ಇಡೀ ಸುರುಳಿಗೆ ಮಾಡಿ, ಪಿಂಗಾಣಿ ತುಂಡುಗಳ ಮೇಲೆ ನಿಲ್ಲಿಸಿ 650 ಡಿಗ್ರಿಯಲ್ಲಿ ಕಾಯಿಸಿದೆ. ಎರಡೂ ತುದಿ ತೆರೆದಿದ್ದುದರಿಂದ ಒಳಮೈಗೂ ಪದರ ಬಂತು. ಇಷ್ಟು ದಪ್ಪದ ಪದರ ಶಾಖವನ್ನು ತಡೆಯುವುದಿಲ್ಲವೇ ಎಂದು ಯಜಮಾನರು ಕೇಳಿದರು. ಕೆಲವೇ ಮೈಕ್ರಾನುಗಳ ಪದರಕ್ಕೆ ಆ ಶಕ್ತಿಯಿಲ್ಲ. ಶಾಖಕ್ಕೆ ಅಡ್ಡ ನಿಲ್ಲುವುದು ಮಿಲಿಮೀಟರುಗಟ್ಟಲೆ ಬೆಳೆಯುವ ಸುಣ್ಣ.

ಬಿಗಿ ಪಟ್ಟಿಯನ್ನೂ ಟೆಫ್ಲಾನ್ ಟೇಪನ್ನೂ ಪೂರ್ತಿ ತೆಗೆದುಹಾಕಿದೆ. ಬದಲಿಗೆ ಗ್ರೇಡ್ 5ರ ದುಂಡು ಸರಳುಗಳನ್ನು ಕೊಕ್ಕೆಯಾಗಿ ಬಗ್ಗಿಸಿ, ಅವನ್ನೂ ಕುಲುಮೆಯಲ್ಲಿ ಕಾಯಿಸಿ, ಕೊಳವೆ ಅವುಗಳ ಮೇಲೆ ಸುಮ್ಮನೆ ಕೂರುವಂತೆ ಮಾಡಿದೆ. ದುಂಡಿನ ಮೇಲೆ ದುಂಡು ಕೂತರೆ ತಾಗುವ ಜಾಗ ಒಂದು ಬಿಂದುವಷ್ಟೇ, ಅದರ ಸುತ್ತ ನೀರು ಆಡುತ್ತಿರುತ್ತದೆ. ಪಟ್ಟಿಯಡಿಯ ಗುಳಿಗಳಿಗೆ ಯಾವ ಲೇಪನಕ್ಕಿಂತಲೂ ದೊಡ್ಡ ಪರಿಹಾರ ಇದೇ ಎಂದು ನಾನು ನಂಬಿದ್ದೇನೆ.

ತೊಳೆಯುವ ಕ್ರಮವನ್ನು ಬದಲಿಸಲು ಹುಡುಗರೊಂದಿಗೆ ಕೂತು ಮಾತನಾಡಿದೆ. ಫ್ಲೋರೈಡಿನ ಅರ್ಧದಷ್ಟು ಹೈಡ್ರೋಫ್ಲೋರಿಕ್ ಆಮ್ಲವಾಗಿರುವುದು ಪಿಎಚ್ 3.2ರ ಸುಮಾರಿನಲ್ಲಿ, 4.2ಕ್ಕೆ ಏರಿಸಿದರೆ ಅದು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಈಗ ಅವರು ಸಿಟ್ರಿಕ್ ಆಮ್ಲವನ್ನು ಕರಗಿಸಿ, ಅಡುಗೆ ಸೋಡಾ ಹಾಕಿ ಪಿಎಚ್ 4ಕ್ಕೆ ತಂದು, ಒಂದು ಹಿಡಿ ಪಟಿಕ ಸೇರಿಸಿ, ಹಬೆ ಬಿಡದೆ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಉಳಿದ ಹಕ್ಕಳೆಯನ್ನು ನೈಲಾನ್ ಬ್ರಷ್ಷಿನಿಂದ ಎಬ್ಬಿಸುತ್ತಾರೆ. ಆಸಿಡ್ಡಿಗಿಂತ ನಿಧಾನ ಹೌದು, ಆದ್ದರಿಂದ ಹಕ್ಕಳೆ ದಪ್ಪವಾಗುವ ಮೊದಲೇ ತೊಳೆಯಬೇಕು, ಮತ್ತು ಇಂಗಿದ ನೀರನ್ನು ಪ್ರತಿದಿನ ತಳದಿಂದ ಹೊರಬಿಡಬೇಕು. ಆ ನೀರು ಹೊಲಕ್ಕಾಗಲಿ ಕೆರೆಗಾಗಲಿ ಹೋಗದಂತೆ ಪ್ಲಾಸ್ಟಿಕ್ ಹಾಸಿದ ಗುಂಡಿಯೊಂದನ್ನು ಯಜಮಾನರು ತೋಡಿಸಿದ್ದಾರೆ.

ಮೊದಲ ತೊಳೆತದ ನಂತರ ತೊಟ್ಟಿ ತೆರೆದು ನೋಡಿದೆವು. ಸುರುಳಿಯ ಬೂದುಬಣ್ಣ ಕೆಳಸುತ್ತುಗಳಲ್ಲೂ ಮೇಲಿನಂತೆಯೇ ಇತ್ತು, ಕೊಕ್ಕೆಗಳ ಬಳಿ ಬಿಳಿ ಪುಡಿ ಇರಲಿಲ್ಲ. ಮುಂದೆಯೂ ಗಮನವಿರಲೆಂದು 30 ವೋಲ್ಟಿನಲ್ಲಿ ನೀಲಿ ಮಾಡಿದ ಟೈಟಾನಿಯಂ ಪಟ್ಟಿಯೊಂದನ್ನು ತಳದ ಸುತ್ತಿನ ಪಕ್ಕದಲ್ಲಿ ತೂಗುಹಾಕಿದ್ದೇನೆ. ಪ್ರತಿ ತೊಳೆತದ ಮೊದಲೂ ನಂತರವೂ ಅದನ್ನು ಒರೆಸಿ ನೋಡಬೇಕು. ನೀಲಿ ಹಾಗೆಯೇ ಇದ್ದರೆ ಸರಿ. ನೇರಳೆಗೆ ತಿರುಗಿದ್ದರೆ ದ್ರಾವಣವನ್ನು ಆ ಕೂಡಲೇ ಹೊರಬಿಟ್ಟು, ಪಿಎಚ್ ಅಳೆದು, ಪಟಿಕ ಹಾಕಿದ್ದಾರೋ ಇಲ್ಲವೋ ವಿಚಾರಿಸಿ ನನಗೆ ಫೋನ್ ಮಾಡಬೇಕೆಂದು ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಬರೆಸಿದ್ದೇವೆ.